ಕಥೆಪೆಟ್ಟಿಗೆಗೆ ಹೂಂ ಅಂದವರು

ಪುಕ್ಕಟೆ ತರಬೇತಿ ಅಂದ ಕೂಡಲೇ ನನಗೆ ಅನುಮಾನ ಶುರುವಾಗುತ್ತದೆ. ಸವಳೂರಿನ ಗ್ರಂಥಾಲಯದ ಮಕ್ಕಳ ವಿಭಾಗದಲ್ಲಿ ತಲೆ ನೆರೆಯುವ ತನಕ ಕೆಲಸ ಮಾಡಿದ್ದೇನೆ, ಎಂಥೆಂಥ ತರಬೇತಿ ನೋಡಿಲ್ಲ! ಒಂದು ಪ್ಲಾಸ್ಟಿಕ್ ಫೈಲು, ಬರೆಯದ ಪೆನ್ನು, ಮಧ್ಯಾಹ್ನ ಆರಿದ ಪಲಾವು, ಸಂಜೆ ಪ್ರಮಾಣಪತ್ರ, ಗ್ರೂಪ್ ಫೋಟೋ. ಅಷ್ಟಕ್ಕೂ ನಾವೇ ಬಸ್ಸಿನ ಖರ್ಚು ಹಾಕಿಕೊಂಡು ಹೋಗಬೇಕು. ಅಂಥದ್ದರಲ್ಲಿ ಕಳ್ಳಜ್ವರ ಬಂದು ಊರಿಗೆ ಊರೇ ಬಾಗಿಲು ಹಾಕಿಕೊಂಡು ಕೂತಾಗ, ರಾಜಧಾನಿಯಿಂದ 'ಕಥಾಸೇತು' ಅನ್ನುವ ಸಂಸ್ಥೆಯವರು ನನಗೆ ಹೊಸ ಟ್ಯಾಬ್ಲೆಟ್ ಕಳಿಸಿದರು. ವಾರಕ್ಕೊಮ್ಮೆ ಮಕ್ಕಳ ಗ್ರಂಥಪಾಲಕರಿಗೆ ಆನ್‌ಲೈನ್ ತರಬೇತಿ, ಅದರ ಜೊತೆಗೆ ಗ್ರಂಥಾಲಯಕ್ಕೆ ಬರುವ ಮಕ್ಕಳ ಮನೆಮನೆಗೂ ಒಂದೊಂದು ಕಥೆಪೆಟ್ಟಿಗೆ. ಎಲ್ಲವೂ ಉಚಿತ.

"ಯಾಕ ಕೊಡ್ತಾರವಾ ಇಷ್ಟೆಲ್ಲಾ?" ಅಂದರು ನಮ್ಮ ಅತ್ತೆ ಗಂಗವ್ವ, ಶೇಂಗಾ ಸುಲಿಯುತ್ತ.

"ಮಕ್ಕಳು ಓದೂದು ಮರೀಬಾರದಂತ, ಅತ್ತಿ."

"ಇಷ್ಟು ದಿನ ನಿನ್ನ ಲೈಬ್ರರಿ ಮಾಳಿಗಿ ಸೋರಿದಾಗ ಒಬ್ಬನೂ ಬರಲಿಲ್ಲ. ಈಗ ಓಡಿ ಬಂದಾರಂದ್ರ ಏನೋ ಐತಿ ತಗೋ."

ನನಗೂ ಹಾಗೇ ಅನ್ನಿಸಿತ್ತು. ಆದರೆ ಮಕ್ಕಳ ದನಿ ಕೇಳದೆ ಕಿವಿ ಭಣಭಣ ಅನ್ನುತ್ತಿತ್ತು. ತೆಗೆದುಕೊಂಡೆ.

ಕಳ್ಳಜ್ವರಕ್ಕೆ ಡಾಕ್ಟರುಗಳು ಇಟ್ಟ ಹೆಸರು ನಾಲಿಗೆ ಹೊರಳದಷ್ಟು ಉದ್ದ. ಜನ ಕಳ್ಳಜ್ವರ ಅಂದರು, ಯಾಕೆಂದರೆ ಅದು ಬಂದದ್ದೇ ಗೊತ್ತಾಗುವುದಿಲ್ಲ. ಮೈ ಬಿಸಿಯಿಲ್ಲ, ಕೆಮ್ಮಿಲ್ಲ. ಮಗು ಆಡುತ್ತ ಆಡುತ್ತ ಸುಸ್ತಾಗಿ ಮಲಗುತ್ತದೆ, ಬಿಸಿಲಿಗೆ ಬಳಲಿದೆ ಅಂತ ತಾಯಿ ಹೊದಿಕೆ ಹೊದಿಸುತ್ತಾಳೆ. ಉಸಿರು ಸಿಕ್ಕಿಕೊಂಡಾಗಲೇ ಗೊತ್ತಾಗುವುದು. ಆಗ ಆಸ್ಪತ್ರೆಯವರ ಕೈಯಲ್ಲೂ ಹೆಚ್ಚೇನೂ ಉಳಿದಿರುವುದಿಲ್ಲ.

ಕಥೆಪೆಟ್ಟಿಗೆ ಬೆಲ್ಲದ ಅಚ್ಚಿನಷ್ಟು ದೊಡ್ಡದು, ಹಳದಿ ಬಣ್ಣದ್ದು. ಒಂದು ಗುಂಡಿ, ಒಂದು ದೀಪ. ಸಂಜೆ ಆರಕ್ಕೆ ನಾನು ಟ್ಯಾಬ್ಲೆಟ್ ಮುಂದೆ ಕೂತು ಕಥೆ ಶುರು ಮಾಡಿದರೆ ಮನೆಮನೆಯ ಪೆಟ್ಟಿಗೆಯಲ್ಲೂ ಕೇಳಿಸುತ್ತದೆ. ಅವರು ಮಾತಾಡಿದರೆ ನನಗೆ ಕೇಳಿಸುತ್ತದೆ. ಪರದೆಯ ಮೇಲೆ ಒಂದೊಂದು ಮಗುವಿಗೆ ಒಂದೊಂದು ಹಸಿರು ಚುಕ್ಕಿ, ಕೆಳಗೆ ಹೆಸರು.

ಕಥೆ ಹೇಳುವಾಗ ನನ್ನ ಕಟ್ಟಳೆ ಒಂದೇ. ಕೇಳುವವರು ಹೂಂ ಅನ್ನಬೇಕು. ಹೂಂ ನಿಂತರೆ ಕಥೆ ನಿಂತಿತು. ನಮ್ಮ ಅಜ್ಜಿ ಹಾಗೇ ಹೇಳುತ್ತಿದ್ದಳು, ನಿಮ್ಮ ಅಜ್ಜಿಯೂ ಹಾಗೇ ಹೇಳಿರುತ್ತಾಳೆ. ಮೊದಲ ತರಬೇತಿಯಲ್ಲೇ ಪರದೆಯ ಮೇಲಿದ್ದ ಕಥಾಸೇತುವಿನ ಇನಾಮದಾರ ಸರ್ ಇದನ್ನೇ ಎತ್ತಿಕೊಂಡರು.

"ಹೂಂ ಅನ್ನೋದು ನಮ್ಮ ಪರಂಪರೆ ಮೇಡಂ. ಅದನ್ನ ಯಾವ ಕಾರಣಕ್ಕೂ ಬಿಡಬೇಡಿ."

ಪರವಾಗಿಲ್ಲ, ಮನುಷ್ಯನಿಗೆ ತಿಳುವಳಿಕೆ ಇದೆ ಅಂತ ಖುಷಿಪಟ್ಟೆ. ಎರಡನೇ ವಾರ ಹೇಳಿದರು: "ಬಾಯಿ ಮುಚ್ಚಿಕೊಂಡು ಹೂಂ ಅನ್ನಿಸಿ. 'ಹಾಂ' ಬೇಡ, 'ಆಮೇಲೆ?' ಅನ್ನೋದೂ ಬೇಡ. ಒಬ್ಬೊಬ್ಬರೇ ಅನ್ನಲಿ. ಪೆಟ್ಟಿಗೆ ಮೂಗಿನ ಹತ್ತಿರ ಇರಲಿ."

ಮೂಗಿನ ಹತ್ತಿರವೇ? ಕಥೆ ಕೇಳುವುದು ಕಿವಿಯಿಂದಪ್ಪಾ!

ನಾನು ಕೈ ಎತ್ತಿದೆ. "ಸರ್, ಒಂದು ಕೇಳೂದೈತ್ರಿ. ಈ ಜ್ವರದಾಗ ಅಪ್ಪನ್ನ ಕಳಕೊಂಡ ಮಕ್ಕಳದಾವ. ಅಂಥವಕ್ಕ ಎಂಥ ಪುಸ್ತಕ ಕೊಡಬೇಕು? ಏನು ಹೇಳಬೇಕು, ಏನು ಹೇಳಬಾರದು? ಅದನ್ನ ಕಲಸ್ರಿ."

"ಅದು ನಿಮಗೇ ಚೆನ್ನಾಗಿ ಗೊತ್ತಿರುತ್ತೆ ಮೇಡಂ. ಹೂಂ ಮಾತ್ರ ಮರೀಬೇಡಿ."

ಅವತ್ತೇ ಮನಸ್ಸಿಗೆ ಮುಳ್ಳು ಚುಚ್ಚಿತು. ನನಗೆ ಬೇಕಾದದ್ದು ಕೇಳಿದರೆ ಜಾರಿಕೊಳ್ಳುವವನು ಹೂಂಗೆ ಯಾಕೆ ಇಷ್ಟು ಜೋತುಬೀಳುತ್ತಾನೆ?

ನಾನು ಕೇಳಿದ್ದು ಬಸಂತಿಯ ಸಲುವಾಗಿ. ಒಂಬತ್ತು ವರ್ಷದ ಹುಡುಗಿ. ಅವಳ ತಾಯಿ ರೇಣವ್ವ ಖಡಕ್ ರೊಟ್ಟಿ ಬಡಿದು ಮಾರುತ್ತಾಳೆ. ಬಸಂತಿಯ ಅಪ್ಪನನ್ನು ಗಾಡಿಯಲ್ಲಿ ಒಬ್ಬನನ್ನೇ ಆರೈಕೆ ಕೇಂದ್ರಕ್ಕೆ ಒಯ್ದಿದ್ದರು. ಹೋದವನು ತಿರುಗಿ ಬರಲಿಲ್ಲ, ಮುಖ ನೋಡಲೂ ಸಿಗಲಿಲ್ಲ. ಬಸಂತಿ ಎಂಥ ಹುಡುಗಿ ಅಂದರೆ, ಹೂಂ ಜೊತೆಗೆ ಒಂದು 'ಯಾಕ' ಇಡದೆ ಬಿಡುವವಳಲ್ಲ.

"ಒಂದು ಆಮಿ ಗುಡ್ಡ ಹತ್ತಾಕ ಹೊಂಟಿತ್ತವಾ" ಅಂದರೆ, "ಹೂಂ. ಯಾಕ ಹೊಂಟಿತ್ರೀ ಅಕ್ಕೋರ?"

"ನಾಳಿಗೆ ಹೇಳ್ತೀನಿ."

"ನಾಳಿಗೆ ಯಾಕ?"

ಪೆಟ್ಟಿಗೆ ಪೆಟ್ಟಿಗೆಯಲ್ಲೂ ಮಕ್ಕಳು ನಗುತ್ತಿದ್ದರು. ಆದರೆ ಟ್ಯಾಬ್ಲೆಟ್ ಜೊತೆ ಬಂದಿದ್ದ, ಕಿವಿಯೊಳಗೆ ಸಿಕ್ಕಿಸಿಕೊಳ್ಳುವ ಗುಂಡಿಯಲ್ಲಿ ಇನಾಮದಾರ ಸರ್ ಪಿಸುಗುಟ್ಟುತ್ತಿದ್ದರು: "ಮೇಡಂ, ಆ ಮಗೂಗೆ ಪ್ರಶ್ನೆ ಬಿಟ್ಟು ಬರೀ ಹೂಂ ಅನ್ನೋಕೆ ಹೇಳಿ." ನನಗೆ ಮೈಯೆಲ್ಲಾ ಉರಿದುಹೋಯಿತು. ಮಗುವಿಗೆ ಪ್ರಶ್ನೆ ಕೇಳಬೇಡ ಅನ್ನಲು ಗ್ರಂಥಪಾಲಕಿ ಯಾಕೆ ಬೇಕು?

ಪರೀಕ್ಷೆ ಮಾಡಿಯೇಬಿಡೋಣ ಅಂತ ಒಂದು ಸಂಜೆ ಕಥೆಯನ್ನೇ ಬಿಟ್ಟೆ. "ಶೇಂಗಾ ಹುರೀಬೇಕವಾ." ಹೂಂ. "ಸಿಪ್ಪಿ ತಗೀಬೇಕು." ಹೂಂ. "ಬಳ್ಳೊಳ್ಳಿ, ಖಾರಪುಡಿ, ಉಪ್ಪು ಹಾಕಿ ಕುಟ್ಟಬೇಕು." ಮಕ್ಕಳು ಬಿದ್ದುಬಿದ್ದು ನಗುತ್ತ ಹೂಂ ಅಂದರು. ಕೊನೆಗೆ ಟ್ಯಾಬ್ಲೆಟ್ ನನಗೆ ಕೊಟ್ಟ ಶ್ರೇಣಿ: ಅತ್ಯುತ್ತಮ ಕಥನ. ಮರುದಿನ ಮನಸಿಟ್ಟು, ದನಿ ಏರಿಸಿ ಇಳಿಸಿ ಹೇಳಿದ ಆಮೆಯ ಕಥೆಗೆ ಮಕ್ಕಳು ಮೈಮರೆತು ಹೂಂ ಅನ್ನುವುದನ್ನೇ ಮರೆತರು. ಶ್ರೇಣಿ: ಸುಧಾರಣೆ ಅಗತ್ಯ.

"ಅತ್ತಿ, ಇವರಿಗೆ ಕತಿ ಬೇಕಾಗಿಲ್ಲ" ಅಂದೆ.

"ನಾ ಹೇಳಿದ್ದಿಲ್ಲೇನು?" ಅಂದರು. ಹೇಳಿದ್ದು ನಿಜವಾದರೆ ಅತ್ತೆಗೆ ಹಬ್ಬ.

ಆ ವಾರವೇ ನೇಕಾರ ಓಣಿಯ ಸಂಗಮೇಶನ ಮನೆ ಮುಂದೆ ಆರೈಕೆ ಕೇಂದ್ರದ ಬಿಳಿ ಗಾಡಿ ನಿಂತಿತು. ಅಂಗಳದಲ್ಲಿ ಗೋಲಿ ಆಡುತ್ತಿದ್ದ ಹುಡುಗನನ್ನು ಹಾಗೇ ಹತ್ತಿಸಿಕೊಂಡು ಹೋದರಂತೆ. ಏನಾಗಿದೆ ಅಂತ ಮನೆಯವರಿಗೇ ಗೊತ್ತಿಲ್ಲ, ಗಾಡಿಯವರಿಗೆ ಹೇಗೆ ಗೊತ್ತಾಯಿತು? ಅದಾದ ಮೇಲೆ ಕೋಟೆ ಹಿಂದಿನ ಒಬ್ಬ ಹುಡುಗಿ. ಇಬ್ಬರೂ ಹಿಂದಿನ ಸಂಜೆ ನನಗೆ ಹೂಂ ಅಂದವರು. ಗುರುತಿನ ಹೆಂಗಸೊಬ್ಬಳು ಹಾಲಿನ ಅಂಗಡಿ ಹತ್ತಿರ ನನ್ನನ್ನು ಕಂಡು, ಮಾತಾಡದೆ ಮಗನ ಕೈ ಹಿಡಿದು ಆಚೆ ಸರಿದಳು. ನಾನು ಸಂಸ್ಥೆಯವರನ್ನು ಅನುಮಾನಿಸುತ್ತಿದ್ದರೆ ಊರು ನನ್ನನ್ನೇ ಅನುಮಾನಿಸುತ್ತಿತ್ತು.

ಜ್ವರದ ನಿಯಂತ್ರಣ ಕೊಠಡಿ ಇದ್ದದ್ದು ನಮ್ಮ ಗ್ರಂಥಾಲಯದಲ್ಲೇ. ಬೀಗ ಹಾಕಿದ ನನ್ನ ಮಕ್ಕಳ ವಿಭಾಗವನ್ನೇ ತೆಗೆದುಕೊಂಡಿದ್ದರು. ಆರೈಕೆ ಕೇಂದ್ರದ ಮಕ್ಕಳಿಗೆ ಪುಸ್ತಕ ಒಯ್ಯಬೇಕು ಅಂತ ನೆಪ ಹೇಳಿ ಒಳಗೆ ಹೋದೆ. ಚಿತ್ರಪುಸ್ತಕದ ಕಪಾಟಿಗೆ ಅಡ್ಡವಾಗಿ ದೊಡ್ಡ ಪರದೆ. ಪುಟ್ಟ ಮಕ್ಕಳ ಕುರ್ಚಿಯಲ್ಲಿ ಮೊಣಕಾಲು ಗದ್ದಕ್ಕೆ ತಾಗುವಂತೆ ಕೂತಿದ್ದಳು ಒಬ್ಬ ಡಾಕ್ಟರು. ಧಾರವಾಡದ ಕಡೆಯವಳು, ಹೆಸರು ಶಾಲ್ಮಲಿ. ನಿದ್ದೆಗೆಟ್ಟು ಕಣ್ಣು ಕೆಂಪಾಗಿದ್ದವು. ಪರದೆಯ ಮೇಲೆ ನನ್ನ ಮಕ್ಕಳ ಹೆಸರುಗಳು, ಒಂದೊಂದರ ಮುಂದೆ ಅಂಕುಡೊಂಕು ಗೆರೆ. ಮತ್ತು ಸಣ್ಣಗೆ ನನ್ನದೇ ದನಿ: "ಒಂದು ಆಮಿ ಗುಡ್ಡ ಹತ್ತಾಕ ಹೊಂಟಿತ್ತವಾ..."

"ಏನ್ರೀ ಇದು?" ಅಂದೆ.

ಅವಳು ಮುಚ್ಚಿಡಲು ನೋಡಲಿಲ್ಲ. ಬಹುಶಃ ಆ ಶಕ್ತಿಯೂ ಇರಲಿಲ್ಲ. "ಕೂಡ್ರಿ ಅಕ್ಕಾ. ಬಾಯಿ ಮುಚ್ಚಿ ಹೂಂ ಅಂದ್ರ ದನಿ ಮೂಗಿನ ಒಳಗಿಂದ ಹೊರಗ ಬರ್ತದ. ಈ ಜ್ವರದಾಗ ಮೊದಲು ಬಾವು ಬರೂದು ಅಲ್ಲೇ, ಮೂಗು ಗಂಟಲು ಕೂಡೂ ಜಾಗದಾಗ. ಬಾವು ಬಂದ್ರ ದನಿ ಬದಲಾಗ್ತದ. ನಮ್ಮ ಕಿವಿಗೆ ಗೊತ್ತಾಗೂದಿಲ್ಲ, ಯಂತ್ರಕ್ಕ ಗೊತ್ತಾಗ್ತದ. ಉಸಿರು ಕಟ್ಟೂದಕ್ಕಿಂತ ಎರಡು ಮೂರು ದಿನ ಮೊದಲ."

"ಹಂಗಾದ್ರ ತರಬೇತಿ?"

"ನಿಮ್ಮನ್ನ ಬಿಟ್ಟು ಬ್ಯಾರೆ ಯಾರಿಗೆ ಮಕ್ಕಳು ದಿನಾ ತಪ್ಪದ ಹೂಂ ಅಂತಾರ, ಹೇಳ್ರಿ?"

ನನಗೆ ಅಳು ಬಂತು, ಸಿಟ್ಟೂ ಬಂತು. "ಹೇಳಿ ಮಾಡಬೇಕಿತ್ತು. ಇದು ಕಳ್ಳತನ."

"ಹೇಳಿದ ಊರಾಗ ಜನ ಪೆಟ್ಟಿಗಿ ಬಾವಿಗೆ ಒಗದ್ರು ಅಕ್ಕಾ. ಮಕ್ಕಳನ್ನ ಹೊಲದಾಗ ಮುಚ್ಚಿಟ್ರು. ಅಲ್ಲಿ ಏನಾತು ಅಂತ ನನ್ನ ಕೇಳಬ್ಯಾಡ್ರಿ." ಅವಳು ಪರದೆಯ ಕಡೆ ನೋಡಿದಳು. "ನಿಮ್ಮ ಸಂಗಮೇಶ ಆರಾಮಿದ್ದಾನ. ದಿನಾ ಇಡ್ಲಿನ ಕೊಡ್ತಾರಂತ ಜಗಳ ತಗದಾನ."

"ಅವ್ವನ್ನ ಯಾಕ ಜೊತಿಗೆ ಬಿಡೂದಿಲ್ಲ?"

"ಜಾಗ ಇಲ್ಲ. ಮ್ಯಾಲಿನವರ ನಿಯಮ. ನನ್ನ ಕೈಯಾಗಿಲ್ಲ."

ನಾನು ಬಸಂತಿಯ ಹೆಸರು ತೋರಿಸಿದೆ. ಅವಳ ಗೆರೆ ನೆಟ್ಟಗಿತ್ತು. "ಅಗದೀ ಆರೋಗ್ಯ" ಅಂದಳು ಶಾಲ್ಮಲಿ. "ಎರಡು ದಿನದಿಂದ ದನಿ ಚೂರು ದಪ್ಪ ಆಗ್ಯದ, ಆದ್ರ ರೋಗ ಇಲ್ಲ."

"ಯಾರ ದನಿ ಅಂತ ಗುರುತ ಹಿಡಿಯೂದಿಲ್ಲೇನು ಇದು?"

"ಬೇಕಂತಲೇ ತಗದು ಹಾಕೀವಿ. ಮಕ್ಕಳ ದನಿ ಯಾರೂ ಕೂಡಿಡಬಾರದು ಅಂತ. ಅಷ್ಟರ ಮರ್ಯಾದಿ ಬ್ಯಾಡೇನು?"

ಹೊರಗೆ ಬಂದೆ. ಪುಸ್ತಕ ತೆಗೆದುಕೊಳ್ಳುವುದನ್ನೇ ಮರೆತಿದ್ದೆ.

ದಾರಿಯುದ್ದಕ್ಕೂ ಅದೇ ತಲೆಯಲ್ಲಿ ಕೊರೆಯುತ್ತಿತ್ತು. ಎರಡು ದಿನದಿಂದ ದನಿ ದಪ್ಪ. ಎರಡು ದಿನದಿಂದ ಬಸಂತಿ 'ಯಾಕ' ಅಂದಿಲ್ಲ. ಬರೀ ಹೂಂ, ಅದೂ ಮಾತು ಮುಗಿಯುವ ಮೊದಲೇ ಅವಸರದ ಹೂಂ. ಇನಾಮದಾರ ಸರ್ ಯಾರ ಮೂಲಕವೋ ಹೇಳಿಸಿ ಹುಡುಗಿಯ ಬಾಯಿ ಮುಚ್ಚಿಸಿದರು ಅಂತ ನಾನು ಅವರಿಗೆ ಮನಸಲ್ಲೇ ಶಾಪ ಹಾಕಿದ್ದೆ. ಈಗ ಬೇರೆಯದೇ ಅನುಮಾನ ಬಂತು.

ಮನೆಗೆ ಬಂದು ರೇಣವ್ವನಿಗೆ ಫೋನ್ ಮಾಡಿದೆ.

"ಬಸಂತಿ ಹೆಂಗದಾಳ ರೇಣವ್ವಾ?"

"ಛಲೋ ಅದಾಳ್ರೀ ಅಕ್ಕೋರ. ಆಡಾಕತ್ತಾಳ." ಹಿಂದೆ ಆಡುವ ಸದ್ದೇನೂ ಇರಲಿಲ್ಲ. ರೊಟ್ಟಿ ಬಡಿಯುವ ಸದ್ದೂ ಇರಲಿಲ್ಲ.

"ಒಂದೀಟು ಆಕಿ ಕೈಯಾಗ ಫೋನ್ ಕೊಡು."

"ಆಮ್ಯಾಲ ಮಾಡಸ್ತೀನ್ರೀ" ಅಂದು ಇಟ್ಟುಬಿಟ್ಟಳು.

ರೇಣವ್ವನೇ ಮಗಳ ಬದಲು ಹೂಂ ಅನ್ನುತ್ತಿದ್ದಾಳೆ. ಕಥೆಗೂ ಗಾಡಿಗೂ ಏನೋ ನಂಟಿದೆ ಅಂತ ಅವಳಿಗೂ ಹೊಳೆದಿದೆ. ಹೂಂ ನಿಂತರೆ ಅನುಮಾನ ಬರುತ್ತದೆ ಅಂತ ತಾನೇ ಪೆಟ್ಟಿಗೆ ಮುಂದೆ ಕೂತಿದ್ದಾಳೆ. ಬಸಂತಿ ಒಳಗೆ ಮಲಗಿರಬೇಕು, ಹೊದಿಕೆ ಹೊದ್ದು.

"ಡಾಕ್ಟರಿಗೆ ಫೋನ್ ಮಾಡು" ಅಂದರು ಅತ್ತೆ.

"ಗಾಡಿ ಬಂದ್ರ ಆಕಿ ಕೂಸಿನ್ನ ಎತ್ತಿಕೊಂಡು ಹಿಂದಿನ ಬಾಗಲಾಗಿಂದ ಓಡ್ತಾಳ. ಗಂಡನ್ನ ಒಬ್ಬನ್ನ ಕಳಿಸಿ ಕಳಕೊಂಡಾಳ. ಮತ್ತ ಕಳಸ್ತಾಳೇನು?"

"ಹಂಗಂತ ಸುಮ್ಮನ ಕೂಡ್ತೀಯೇನು?" ಅತ್ತೆಯ ಕೈಯಲ್ಲಿನ ಶೇಂಗಾ ನೆಲಕ್ಕೆ ಚೆಲ್ಲಿತು. ಅವರು ಅಳುತ್ತಿದ್ದರು. ಅತ್ತೆ ಅತ್ತದ್ದನ್ನು ನಾನು ಮಾವ ಹೋದಾಗಲೂ ನೋಡಿರಲಿಲ್ಲ.

ಆರಾಯಿತು. ಟ್ಯಾಬ್ಲೆಟ್ ಮುಂದೆ ಕೂತೆ. ಹಸಿರು ಚುಕ್ಕಿಗಳು ಮೂಡಿದವು, ಬಸಂತಿಯದೂ ಮೂಡಿತು. ಕಿವಿಯ ಗುಂಡಿಯನ್ನು ಕಿತ್ತು ಮೇಜಿನ ಮೇಲಿಟ್ಟೆ.

"ಇವತ್ತು ಆಮಿ ಕತಿ ಅಲ್ಲವಾ" ಅಂದೆ. "ಒಂದೂರಾಗ ಒಬ್ಬಾಕಿ ಕತಿ ಹೇಳಾಕಿ ಇದ್ಲು."

ಹೂಂ, ಹೂಂ, ಹೂಂ. ಬಸಂತಿಯ ಪೆಟ್ಟಿಗೆಯಿಂದಲೂ ಅವಸರದ ಹೂಂ.

"ಆಕಿಗೆ ಯಾರೋ ಒಂದು ಪೆಟ್ಟಿಗಿ ಕೊಟ್ರು. ಮಕ್ಕಳು ಹೂಂ ಅಂದ್ರ ಆಕಿಗಷ್ಟ ಅಲ್ಲ, ಡಾಕ್ಟರಿಗೂ ಕೇಳತಿತ್ತು. ಯಾರ ಒಳಗ ಕಳ್ಳಜ್ವರ ಐತಿ ಅಂತ ಹೂಂನಾಗ ತಿಳೀತಿತ್ತು. ಇದು ಆ ಕತಿ ಹೇಳಾಕಿಗೆ ಗೊತ್ತಿರಲಿಲ್ಲ. ಇವತ್ತು ಗೊತ್ತಾತು. ಗೊತ್ತಾದ ಮ್ಯಾಲೂ ಸುಮ್ಮನಿದ್ರ ಆಕಿ ನಿಮ್ಮ ಅಕ್ಕೋರು ಅಲ್ಲ."

ಈಗ ಯಾರೂ ಹೂಂ ಅನ್ನಲಿಲ್ಲ. ಮೇಜಿನ ಮೇಲಿನ ಗುಂಡಿ ಜೀರುಂಡೆ ಕೂಗಿದಂತೆ ಚಿರಿಚಿರಿ ಅನ್ನುತ್ತಿತ್ತು, ಇನಾಮದಾರ ಸರ್ ಒಳಗೆ ಕಿರುಚುತ್ತಿದ್ದರು.

"ಬ್ಯಾಡ ಅನ್ನೋರು ಗುಂಡಿ ಒತ್ತಿ ಆರಿಸ್ರಿ. ನಾ ಬೈಯೂದಿಲ್ಲ. ಆದ್ರ ಇದನ್ನೂ ಕೇಳ್ರಿ. ಸಂಗಮೇಶ ಬದುಕ್ಯಾನ. ಇಡ್ಲಿ ಒಲ್ಲೆ ಅಂತ ಜಗಳಾ ಮಾಡಾಕತ್ತಾನ. ಲಗೂ ಗೊತ್ತಾಗಿದ್ದಕ್ಕ ಬದುಕ್ಯಾನ."

ಚುಕ್ಕಿಗಳು ಆರತೊಡಗಿದವು. ಒಂದು, ಇನ್ನೊಂದು, ಆಮೇಲೆ ನಾಲ್ಕಾರು ಒಟ್ಟಿಗೇ. ಎಷ್ಟೋ ವರ್ಷ ಕೂಡಿಸಿದ್ದ ಮಕ್ಕಳು ಕಣ್ಣೆದುರೇ ಎದ್ದು ಹೋಗುತ್ತಿದ್ದರು. ಬಸಂತಿಯ ಚುಕ್ಕಿ ಮಾತ್ರ ಹಾಗೇ ಇತ್ತು.

"ಇನ್ನೊಂದು ಮಾತು. ಕೂಸಿನ್ನ ಒಂದನ್ನ ಗಾಡಿಯಾಗ ಒಯ್ಯೂದು ಸರಿ ಅಲ್ಲ. ಅವ್ವನೂ ಜೊತಿಗೆ ಹೋಗಬೇಕು. ಡಾಕ್ಟರ್ ಬಾಯಾರ, ನೀವು ಅಲ್ಲಿ ನನ್ನ ಮಕ್ಕಳ ಕುರ್ಚಿ ಮ್ಯಾಲ ಕೂತು ಕೇಳಾಕತ್ತೀರಿ ಅಂತ ನನಗ ಗೊತ್ತೈತಿ. ದಿನಾ ಕೇಳೀರಿ, ಒಮ್ಮೆಯೂ ಹೂಂ ಅಂದಿಲ್ಲ. ಕೇಳೋರು ಹೂಂ ಅನ್ನದಿದ್ರ ನಾ ಕತಿ ಹೇಳೂದಿಲ್ಲ. ಅವ್ವನ್ನ ಜೊತಿಗೆ ಬಿಡ್ತೀರೋ ಇಲ್ಲೋ?"

ಹಿಂದೆ ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ಆಗಲ್ಲ ಅನ್ನುತ್ತಾಳೆ, ನಿಯಮ ಅನ್ನುತ್ತಾಳೆ ಅಂತ ನಾನು ಹಲ್ಲು ಕಚ್ಚಿ ಕೂತೆ.

ಆಮೇಲೆ ಎಲ್ಲ ಪೆಟ್ಟಿಗೆಗಳಲ್ಲೂ ಕೇಳುವಂತೆ ಒಂದು ದೊಡ್ಡವರ ದನಿ ಬಂತು.

"ಹೂಂ" ಅಂದಳು ಶಾಲ್ಮಲಿ. "ಬಿಡ್ತೀನಿ. ನಾನ ಗಾಡಿಯಾಗ ಬರ್ತೀನಿ. ಆಗೂದು ಆಗ್ಲಿ."

ಆಗ ಬಸಂತಿಯ ಪೆಟ್ಟಿಗೆಯಲ್ಲಿ ಯಾರೋ ಬಿಕ್ಕಿದರು. "ಅಕ್ಕೋರ... ನಾನ್ರೀ, ರೇಣವ್ವ. ಹೂಂ ಅಂದಾಕಿ ನಾನ. ಬಸಂತಿ ಎರಡು ದಿನದಿಂದ ಮಕ್ಕೊಂಡ ಅದಾಳ್ರೀ. ಎಬ್ಬಿಸಿದ್ರ ಕಣ್ಣು ಬಿಡ್ತಾಳ, ಮಾತಾಡಾಕ ಒಲ್ಲಳು. ನಾ ಏನ್ ಮಾಡ್ಲಿ?"

"ಪೆಟ್ಟಿಗಿ ಆಕಿ ಮೂಗಿನ ಹತ್ರ ಹಿಡಿ ರೇಣವ್ವಾ." ಹಾಗೆ ಹೇಳಿದ್ದು ನಾನೇ. ಇನಾಮದಾರ ಸರ್ ಹೇಳಿದ್ದ ಅದೇ ಮಾತು ನನ್ನ ಬಾಯಲ್ಲಿ ಬಂತು. "ಬಸಂತಿ, ನಾ ಅಕ್ಕೋರು. ಒಂದು ಹೂಂ ಅನ್ನವಾ."

ತುಂಬಾ ಹೊತ್ತಿನ ಮೇಲೆ ಬಂತು. ಸಣ್ಣ ಹೂಂ. ನಿದ್ದೆಗಣ್ಣಿನಲ್ಲಿ ಅಂದಂತಿತ್ತು, ನನ್ನ ಕಿವಿಗೆ ರೋಗವೇನೂ ತಿಳಿಯಲಿಲ್ಲ. ಪರದೆಯ ಮೇಲೆ ಹಸಿರು ಚುಕ್ಕಿ ಒಮ್ಮೆಲೇ ಕೆಂಪಾಯಿತು. ನಾನು ಅಂಥ ಕೆಂಪು ನೋಡಿದ್ದು ಅದೇ ಮೊದಲು. ಇಷ್ಟು ದಿನ ಅದನ್ನು ನಮ್ಮಂಥವರಿಂದ ಮರೆಮಾಡಿದ್ದರು, ಇವತ್ತು ಶಾಲ್ಮಲಿಯೇ ತೋರಿಸಿರಬೇಕು. ಗಾಡಿ ಬಂದಾಗ ರೇಣವ್ವ ಓಡಿಹೋಗಲಿಲ್ಲ. ಮಗಳನ್ನೂ ಪೆಟ್ಟಿಗೆಯನ್ನೂ ಎತ್ತಿಕೊಂಡು ಹತ್ತಿ, ಮಗಳ ತಲೆ ತೊಡೆಯ ಮೇಲಿಟ್ಟುಕೊಂಡು ಕೂತಳಂತೆ.

ಮರುದಿನ ಕಥಾಸೇತುವಿನವರು ನನ್ನನ್ನು ತರಬೇತಿಯಿಂದ ತೆಗೆದುಹಾಕಿದರು. ಕೊನೆಯ ಶ್ರೇಣಿ: ಅನುತ್ತೀರ್ಣ. ಅತ್ತೆ ಅದನ್ನು ಓದಿಸಿಕೊಂಡು ಕೇಳಿ, "ಪಲಾವೂ ಹಾಕಲಿಲ್ಲ, ಸುಡುಗಾಡು" ಅಂದರು. ಶಾಲ್ಮಲಿಗೂ ಮೇಲಿನಿಂದ ಬೈಗುಳ ಬಂತಂತೆ. ಆದರೆ ಟ್ಯಾಬ್ಲೆಟ್ ಕಸಿದುಕೊಳ್ಳಲು ಯಾರೂ ಬರಲಿಲ್ಲ. ಯಾಕೆ ಬರಲಿಲ್ಲ ಅನ್ನುವುದೂ ನನಗೆ ಅನುಮಾನವೇ. ಆರಕ್ಕೆ ಕೂತೆ. ಬೆರಳೆಣಿಕೆಯ ಚುಕ್ಕಿಗಳು. ಅವರಿಗೇ ಹೇಳಿದೆ. ಮರುದಿನವೂ ಹೇಳಿದೆ. ಬಸಂತಿಯ ಹೆಸರಿನ ಮೇಲೆ ಚುಕ್ಕಿಯಿಲ್ಲ, ಬರೀ ಕತ್ತಲು. ಒಂದೊಂದು ಸಂಜೆ ಇನ್ನೆರಡು ಚುಕ್ಕಿ ಹೆದರಿ ಹೆದರಿ ಮೂಡುತ್ತಿದ್ದವು, ಆದರೆ ನನ್ನ ಕಣ್ಣು ಆ ಕತ್ತಲ ಜಾಗದಲ್ಲೇ ಇರುತ್ತಿತ್ತು. ಶಾಲ್ಮಲಿಗೆ ಫೋನ್ ಮಾಡಿ ಕೇಳಲು ಧೈರ್ಯ ಬರಲಿಲ್ಲ.

ಒಂದು ಸಂಜೆ ಆಮೆ ಗುಡ್ಡದ ಅರ್ಧಕ್ಕೆ ಬಂದಿತ್ತು. ಆ ಕತ್ತಲ ಜಾಗದಲ್ಲಿ ಚುಕ್ಕಿ ಹೊತ್ತಿಕೊಂಡಿತು. ನಾನು ಮಾತು ನಿಲ್ಲಿಸಿದೆ.

"ಬಸಂತಿ?"

ಉಸಿರು ಮಾತ್ರ ಕೇಳುತ್ತಿತ್ತು, ಪಕ್ಕದಲ್ಲಿ ಆಸ್ಪತ್ರೆಯ ಯಂತ್ರದ ಟಿಕ್ ಟಿಕ್.

"ಇರ್ಲಿ, ನೀ ಕೇಳವಾ. ಆಮಿ ಅರ್ಧ ಗುಡ್ಡ ಹತ್ತಿತ್ತು."

ಬಸಂತಿ ಹೂಂ ಅನ್ನಲಿಲ್ಲ. ನಾನು ಕಾದೆ. ಇದು ರೇಣವ್ವನೋ, ದಾದಿಯೋ, ಬೇರೆ ಯಾರೋ ಅನ್ನುವ ಅನುಮಾನ ಬಂತು.

"ಅಕ್ಕೋರ" ಅಂತ ಒಂದು ಬಳಲಿದ ದನಿ. ಅವಳದೇ. "ಈಗ ಯಾರ್ಯಾರು ಕೇಳಾಕತ್ತಾರ್ರೀ?"

'ಯಾಕ' ಅನ್ನುತ್ತಿದ್ದ ಹುಡುಗಿ ಈಗ ಯಾರು ಅಂತ ಕೇಳುತ್ತಿದ್ದಳು.

"ನಾ ಅದೀನಿ. ಅವರವರ ಮನ್ಯಾಗ ಹುಡುಗರು ಅದಾರ. ನಿಮ್ಮವ್ವ ಅದಾಳ. ಡಾಕ್ಟರ್ ಬಾಯಾರು ಅದಾರ."

"ಇನ್ನ?"

ಸುಳ್ಳು ಹೇಳಬಹುದಿತ್ತು. ಇನ್ನು ಯಾರೂ ಇಲ್ಲವಾ, ಹೆದರಬ್ಯಾಡ ಅನ್ನಬಹುದಿತ್ತು.

"ಇನ್ನ ಯಾರರ ಅದಾರೋ ಇಲ್ಲೋ ನನಗ ಗೊತ್ತಿಲ್ಲವಾ. ಗೊತ್ತಾದ ದಿನ ಹೇಳ್ತೀನಿ."

ಯಂತ್ರ ಟಿಕ್ ಟಿಕ್ ಅನ್ನುತ್ತಿತ್ತು. ಅವಳು ಯೋಚನೆ ಮಾಡುತ್ತಿದ್ದಳು. ನಾನು ಅವಸರ ಮಾಡಲಿಲ್ಲ.

"ಹೂಂ" ಅಂದಳು ಬಸಂತಿ. "ಈಗ ಹೇಳ್ರಿ. ಆಮಿ ಯಾಕ ಗುಡ್ಡ ಹತ್ತಿತ್ತು?"